ಮೊಳೆಯುವ ಮಣ್ಣು: ಡೆನ್ಮಾರ್ಕಿನ ಆಕ್ಸೆಲ್ ಸಾಲ್ಟೊ



ಕೈಕಸುಬಿನ ಕಲೆಗಳ ಬಗ್ಗೆ ವರ್ಷಕ್ಕೊಂದು ಮಾತು ನಡೆಯಬೇಕು ಎಂಬುದು ಈ ದತ್ತಿಯನ್ನು ಇಟ್ಟ ಕುಟುಂಬದ ಆಶಯ. ಯಾವ ಕಸುಬು, ಯಾವ ದೇಶ ಎಂಬುದನ್ನು ಮಾತಾಡುವವರಿಗೇ ಬಿಟ್ಟಿದ್ದಾರೆ. ಆ ಸಲಿಗೆಯನ್ನು ಪೂರ್ತಿ ಬಳಸಿಕೊಂಡು ಡೆನ್ಮಾರ್ಕಿನವರೆಗೆ ಹೋಗಿದ್ದೇನೆ. ನಾನು ಆರಿಸಿಕೊಂಡ ಕಲಾವಿದ ಆಕ್ಸೆಲ್ ಸಾಲ್ಟೊ. 1889ರಲ್ಲಿ ಕೋಪನ್‌ಹೇಗನ್‌ನಲ್ಲಿ ಹುಟ್ಟಿ, 1961ರಲ್ಲಿ ತೀರಿಕೊಂಡವನು. ಕಲಿತದ್ದು ಚಿತ್ರಕಲೆ, ನಡೆಸಿದ್ದು ಒಂದು ಪತ್ರಿಕೆ, ಹೆಸರು ಮಾಡಿದ್ದು ಮಣ್ಣಿನಲ್ಲಿ.

ಡೆನ್ಮಾರ್ಕಿನ ವಿನ್ಯಾಸ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಾನ್ಸ್ ವೆಗ್ನರ್‌ನ ಮರದ ಕುರ್ಚಿ, ಪೌಲ್ ಹೆನಿಂಗ್ಸೆನ್‌ನ ದೀಪ, ಲೆಗೊ ಇಟ್ಟಿಗೆ. ಗೆರೆ ಸರಳ, ಮೈ ನುಣುಪು, ಒಂದಿಷ್ಟೂ ಹೆಚ್ಚುವರಿ ಇಲ್ಲ. ಆ ಸಾಲಿನ ಪಕ್ಕದಲ್ಲಿ ಸಾಲ್ಟೊನ ಹೂದಾನಿಯೊಂದನ್ನು ಇಟ್ಟರೆ ಮದುವೆ ಮನೆಗೆ ಯಾರೋ ಕಾಡಿನವರು ನುಗ್ಗಿದ ಹಾಗೆ ಕಾಣುತ್ತದೆ. ಮೈತುಂಬ ಗುಬಟೆ. ಕೆಲವು ಗುಬಟೆಗಳು ಮುಳ್ಳಾಗಿವೆ, ಕೆಲವು ಕೊಂಬಾಗಿ ಬಾಗಿವೆ. ಬಣ್ಣವೂ ಒಂದೇ ಸಮನಾಗಿಲ್ಲ: ತುದಿಗಳಲ್ಲಿ ತುಕ್ಕಿನ ಕಂದು, ಇಳಿಜಾರಿನಲ್ಲಿ ಜೇನಿನ ಛಾಯೆ, ಎರಡು ಗುಬಟೆಗಳ ನಡುವಿನ ತಗ್ಗಿನಲ್ಲಿ ಪಾಚಿಗಟ್ಟಿದ ಕೆರೆಯ ಹಸಿರು. ಇದನ್ನು ಕಂಡು "ನಿಸರ್ಗದಿಂದ ಸ್ಫೂರ್ತಿ" ಎಂದು ಹೇಳಿ ಮುಂದಕ್ಕೆ ಹೋಗಿಬಿಡುವುದು ಸುಲಭ. ಕಲಾ ಇತಿಹಾಸದ ಪುಸ್ತಕಗಳಲ್ಲಿ ಹೆಚ್ಚಿನವು ಅಷ್ಟೇ ಮಾಡುತ್ತವೆ. ನನಗೆ ಆ ಉತ್ತರ ಸಾಲದು. ಗಿಡದ ಮೊಗ್ಗನ್ನು ನೋಡಿದವರು ಕೋಟಿ ಜನ ಇದ್ದಾರೆ. ಅವರಲ್ಲಿ ಒಬ್ಬನ ಕೈಯಲ್ಲಿ ಮಾತ್ರ ಅದು ಈ ರೂಪ ತಾಳಬೇಕಾದರೆ ನಡುವೆ ಬೇರೆ ಏನೋ ನಡೆದಿರಬೇಕು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಜಗಳಕ್ಕೆ ಸಿದ್ಧರಾಗಲಿ. ಸಾಹಿತ್ಯದಲ್ಲಿ ಪ್ರಭಾವ ಎನ್ನುವುದು ಪುಸ್ತಕದಿಂದ ಪುಸ್ತಕಕ್ಕೆ ಹೋಗುತ್ತದೆ. ಮಣ್ಣಿನ ಕೆಲಸದಲ್ಲಿ ಅದು ಭಟ್ಟಿಯ ಮೂಲಕ, ಪಾತ್ರೆಯ ಮೈಗೆ ಬಳಿಯುವ ಗ್ಲೇಜಿನ ಪಾಕದ ಮೂಲಕ, ಪಕ್ಕದಲ್ಲಿ ನಿಂತು ಕೆಲಸ ಮಾಡಿದವರ ಕೈಯ ಮೂಲಕ ಬರುತ್ತದೆ. ಸಾಲ್ಟೊನ ಮೊಗ್ಗುಗಳು ಅರಳಿದ್ದು ತೋಟದಲ್ಲಿ ಎನ್ನುವುದಕ್ಕಿಂತ ಭಟ್ಟಿಯಲ್ಲಿ ಎನ್ನುವುದು ಹೆಚ್ಚು ಸರಿ.

ಮೊದಲು ಆ ವಸ್ತುವಿನ ಬಗ್ಗೆ ಎರಡು ಮಾತು. ಸಾಲ್ಟೊ ಮುಖ್ಯವಾಗಿ ಕೆಲಸ ಮಾಡಿದ್ದು ಸ್ಟೋನ್‌ವೇರ್‌ನಲ್ಲಿ. ಹೆಸರು ಹೊಸದೆನಿಸಬಹುದು, ವಸ್ತು ನಮಗೆ ಹೊಸದಲ್ಲ. ಅಜ್ಜಿಯ ಕಾಲದ ಉಪ್ಪಿನಕಾಯಿ ಭರಣಿ, ಮೇಲೆ ಕಂದು, ಕೆಳಗೆ ಬಿಳಿ, ಬೆರಳಿಂದ ಬಡಿದರೆ ಟಣ್ ಎನ್ನುವುದು, ಅದೇ ಸ್ಟೋನ್‌ವೇರ್. ನಮ್ಮ ಕುಂಬಾರರ ಆವಗೆಯಲ್ಲಿ ಬೆಂದ ಮಡಕೆ ನೀರನ್ನು ಹೀರಿ ಹೊರಮೈಯಲ್ಲಿ ಬೆವರುತ್ತದೆ. ನೀರು ತಣ್ಣಗಾಗುವುದೇ ಅದರಿಂದ. ಸ್ಟೋನ್‌ವೇರ್ ಬೇಯಲು ಸುಮಾರು 1250ರಿಂದ 1300 ಡಿಗ್ರಿ ಸೆಲ್ಸಿಯಸ್ ಬೇಕು. ಆ ಶಾಖದಲ್ಲಿ ಮಣ್ಣಿನ ಕಣಗಳು ಅರೆಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮೈ ಕಲ್ಲಾಗುತ್ತದೆ, ಎಣ್ಣೆ ಉಪ್ಪು ಹುಳಿ ಯಾವುದನ್ನೂ ಹೀರದು. ಹಸಿಯಿದ್ದಾಗಿನ ಅಳತೆಯಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ಕುಗ್ಗಿಯೂ ಹೋಗುತ್ತದೆ. ದಪ್ಪ ತೆಳುವು ಹೆಚ್ಚುಕಡಿಮೆಯಾದ ಕಡೆ ಸೀಳು ಬಿಡುವುದು ಈ ಕುಗ್ಗುವಿಕೆಯಿಂದಲೇ. ಸಾಲ್ಟೊನ ಮುಳ್ಳುಮೈ ಹೂದಾನಿಗಳಲ್ಲಿ ದಪ್ಪ ತೆಳುವು ಇಂಚಿಂಚಿಗೂ ಬದಲಾಗುತ್ತದೆ ಎಂಬುದನ್ನು ನೆನಪಿಡಿ. ಅವನ್ನು ಒಡೆಯದೆ ಬೇಯಿಸುವುದೇ ಒಂದು ವಿದ್ಯೆ.

ಈಗ ಮನುಷ್ಯನ ಕಡೆಗೆ ಬರೋಣ. ಸಾಲ್ಟೊ 1909ರಿಂದ 1914ರವರೆಗೆ ಕೋಪನ್‌ಹೇಗನ್‌ನ ರಾಯಲ್ ಅಕಾಡೆಮಿಯಲ್ಲಿ ಚಿತ್ರಕಲೆ ಓದಿದ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆಯೇ, ಪ್ಯಾರಿಸ್ಸಿಗೆ ಹೋದ. ಡೆನ್ಮಾರ್ಕ್ ಯುದ್ಧದಲ್ಲಿ ತಟಸ್ಥವಾಗಿದ್ದರಿಂದ ಅದು ಸಾಧ್ಯವಾಯಿತು. ಅಲ್ಲಿ ಪಿಕಾಸೊ, ಮಾಟಿಸ್ ಇಬ್ಬರನ್ನೂ ಕಂಡ. ಊರಿಗೆ ಬಂದವನು ಮರುವರ್ಷ ಕ್ಲಿಂಗೆನ್ ಎಂಬ ಪತ್ರಿಕೆ ಶುರುಮಾಡಿದ. 1917ರಿಂದ 1920ರವರೆಗೆ ನಡೆದ ಆ ಪತ್ರಿಕೆಯಲ್ಲಿ ಬರಹಗಳ ಜೊತೆಗೆ ಕಲಾವಿದರ ಮೂಲ ಅಚ್ಚುಚಿತ್ರಗಳನ್ನೇ ಹಾಕುತ್ತಿದ್ದರು. ಹೊಸ ಚಿತ್ರಕಲೆಯ ಪರವಾಗಿ ಡೆನ್ಮಾರ್ಕಿನಲ್ಲಿ ದನಿಯೆತ್ತಿದ ವೇದಿಕೆ ಅದು. ಕವಿ ಒಟ್ಟೊ ಗೆಲ್ಸ್ಟೆಡ್, ಮುಂದೆ ದೀಪಗಳಿಂದ ಹೆಸರಾದ ಪೌಲ್ ಹೆನಿಂಗ್ಸೆನ್ ಇಬ್ಬರೂ ಅದರ ಬಳಗದವರು. ದೀಪದ ಹೆನಿಂಗ್ಸೆನ್ ಮತ್ತು ಮುಳ್ಳಿನ ಸಾಲ್ಟೊ ಒಂದೇ ಪತ್ರಿಕೆಯ ಮೇಜಿನಿಂದ ಎದ್ದು ಬಂದವರು ಎಂದಮೇಲೆ ಡೇನಿಷ್ ವಿನ್ಯಾಸ ಎಂದರೆ ಒಂದೇ ರುಚಿ ಎನ್ನುವ ಮಾತು ಅಷ್ಟಕ್ಕೇ ಬಿದ್ದುಹೋಗುತ್ತದೆ.

1920ರ ದಶಕದಲ್ಲಿ ಸಾಲ್ಟೊ, ವಿಲ್ಹೆಲ್ಮ್ ಲುಂಡ್‌ಸ್ಟ್ರಮ್, ಸ್ವೆನ್ ಯೋಹಾನ್ಸೆನ್, ಕಾರ್ಲ್ ಲಾರ್ಸೆನ್ ಸೇರಿ 'ನಾಲ್ವರು' ಎಂಬ ಹೆಸರಿನಲ್ಲಿ ಪ್ರದರ್ಶನಗಳನ್ನು ಮಾಡಿದರು. ಚಿತ್ರಕಾರನಾಗಿ ಸಾಲ್ಟೊ ಕೆಟ್ಟವನಲ್ಲ, ಆದರೆ ಆ ನಾಲ್ವರಲ್ಲಿ ಲುಂಡ್‌ಸ್ಟ್ರಮ್‌ನ ಕ್ಯಾನ್ವಾಸುಗಳ ಎದುರು ಅವನವು ಸಪ್ಪೆ. ಗೆರೆ ಚೆನ್ನ, ಬಣ್ಣ ಮಾತ್ರ ಗೆರೆಯ ಹಿಂದೆ ವಿಧೇಯವಾಗಿ ನಡೆಯುತ್ತದೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಬಣ್ಣವು ತನ್ನ ಮಾತು ಕೇಳದಂಥ ಜಾಗವೊಂದು ಅವನಿಗೆ ಬೇಕಾಗಿತ್ತು, ಅದು ಭಟ್ಟಿಯಲ್ಲಿ ಸಿಕ್ಕಿತು ಎಂದು ನನ್ನ ಎಣಿಕೆ.

ಮಣ್ಣಿಗೆ ಅವನು ಬಂದದ್ದು 1923ರಲ್ಲಿ, ಬಿಂಗ್ ಅಂಡ್ ಗ್ರೋನ್‌ಡಾಲ್ ಎಂಬ ಪಿಂಗಾಣಿ ಕಾರ್ಖಾನೆಯ ಮೂಲಕ. 1853ರಲ್ಲಿ ಶುರುವಾದ ಆ ಕಾರ್ಖಾನೆಗೆ ಹೊರಗಿನ ಕಲಾವಿದರನ್ನು ಕರೆಸಿಕೊಳ್ಳುವ ಅಭ್ಯಾಸ ಮೊದಲಿಂದ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಿತ್ರಕಾರ ಜೆ. ಎಫ್. ವಿಲ್ಲುಮ್ಸೆನ್ ಅದರ ಕಲಾ ನಿರ್ದೇಶಕನಾಗಿದ್ದ. ಸಾಲ್ಟೊ ಸೇರಿದ ಕಾಲಕ್ಕೇ ಪಾಲ್ ಗೋಗ್ಯಾನ್‌ನ ಮಗ ಜಾನ್ ಗೋಗ್ಯಾನ್ ಕೂಡ ಅಲ್ಲಿಗೆ ಬಂದ. ತಾಯಿ ಡೇನಿಷ್ ಆದ್ದರಿಂದ ಅವನು ಬೆಳೆದದ್ದು ಡೆನ್ಮಾರ್ಕಿನಲ್ಲಿ. 1925ರ ಪ್ಯಾರಿಸ್ ಅಲಂಕಾರ ಕಲೆಗಳ ಮಹಾಪ್ರದರ್ಶನದಲ್ಲಿ ಕಾರ್ಖಾನೆಯ ಪರವಾಗಿ ಇಬ್ಬರ ಕೆಲಸವೂ ಇತ್ತು. ಸಾಲ್ಟೊನ ಆಗಿನ ಪಿಂಗಾಣಿಗಳು ಚಿತ್ರಕಾರನ ಪಿಂಗಾಣಿಗಳು. ಸಿದ್ಧ ಆಕಾರದ ಮೇಲೆ ಚಿತ್ತಾರ ಬಿಡಿಸಿದ್ದು, ಅಷ್ಟೆ. ಅವನ್ನು ಇಷ್ಟಪಡುವವರಿದ್ದಾರೆ. ಆ ಬಗ್ಗೆ ಇಲ್ಲಿ ಹೆಚ್ಚು ಹೇಳಲಾರೆ.

ತಿರುವು ಬಂದದ್ದು ಸ್ಟೋನ್‌ವೇರ್‌ನಲ್ಲಿ. ಅದು ಡೆನ್ಮಾರ್ಕಿಗೆ ಬಂದ ದಾರಿ ಬಲು ಸುತ್ತು, ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಚೀನಾದಲ್ಲಿ ಸುಂಗ್ ರಾಜರ ಕಾಲ, ಅಂದರೆ 960ರಿಂದ 1279. ಕಬ್ಬಿಣದ ಅಂಶವನ್ನು ಅಳೆದು ತೂಗಿ ಗ್ಲೇಜಿಗೆ ಸೇರಿಸಿ, ಭಟ್ಟಿಯಲ್ಲಿ ಗಾಳಿ ಕಡಿಮೆ ಮಾಡಿ ಬೇಯಿಸಿ, ತಿಳಿಹಸಿರಿನ ಸೆಲಡಾನ್ ಮತ್ತು ಎಣ್ಣೆಗಪ್ಪಿನ ಬಟ್ಟಲುಗಳನ್ನು ಮಾಡಿದ ಕಾಲ ಅದು. ಆ ಬಟ್ಟಲುಗಳನ್ನು ಚಹಾದ ಜೊತೆಗೆ ಜಪಾನ್ ತಲೆಯ ಮೇಲಿಟ್ಟುಕೊಂಡಿತು, ತನ್ನದೇ ಸ್ಟೋನ್‌ವೇರನ್ನೂ ಬೆಳೆಸಿತು. 1878ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಜಪಾನಿನ ಸ್ಟೋನ್‌ವೇರನ್ನು ಜಾನ್ ಕಾರಿಯೆ ಎಂಬ ಫ್ರೆಂಚ್ ಶಿಲ್ಪಿ ನೋಡಿದ. ನೋಡಿ ಕೆಟ್ಟ ಎನ್ನಬೇಕು! ಶಿಲ್ಪದ ಕೆಲಸ ಹಿಂದೆ ಸರಿಯಿತು, ಹಳ್ಳಿ ಸೇರಿ ಭಟ್ಟಿ ಹಾಕಿ, ಮಾಸಲು ಬಣ್ಣದ, ಸೋರೆಕಾಯಿ ಆಕಾರದ, ಗ್ಲೇಜು ಇಳಿದ ಹೂದಾನಿಗಳನ್ನು ಮಾಡುತ್ತ 1894ರಲ್ಲಿ ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡ. ಅವನ ಮತ್ತು ಅವನ ಸುತ್ತಲಿನವರ ಕೆಲಸ ಸ್ವೀಡನ್ನಿನಲ್ಲಿ ಹುಟ್ಟಿದ ಪ್ಯಾಟ್ರಿಕ್ ನಾರ್ಡ್‌ಸ್ಟ್ರಮ್‌ಗೆ ದಾರಿಯಾಯಿತು. ನಾರ್ಡ್‌ಸ್ಟ್ರಮ್ ಡೆನ್ಮಾರ್ಕಿಗೆ ಬಂದು ನೆಲೆಸಿ, 1910ರ ದಶಕದಲ್ಲಿ ರಾಯಲ್ ಕೋಪನ್‌ಹೇಗನ್ ಪಿಂಗಾಣಿ ಕಾರ್ಖಾನೆಯಲ್ಲಿ ಸ್ಟೋನ್‌ವೇರ್ ವಿಭಾಗವನ್ನು ಕಟ್ಟಿದ. ಜೊತೆಗಿದ್ದವನು ಕಾರ್ಲ್ ಹಾಲಿಯರ್. 1920ರ ದಶಕದ ಕೊನೆಗೆ ಸಾಲ್ಟೊ ಸ್ಟೋನ್‌ವೇರ್ ಕಡೆ ಹೊರಳಿದಾಗ ಕೈಹಿಡಿದು ನಡೆಸಿದವರಲ್ಲಿ ಇದೇ ಹಾಲಿಯರ್ ಒಬ್ಬ. ಇನ್ನೊಬ್ಬ ಬೋಡ್ ವಿಲ್ಲುಮ್ಸೆನ್, ಮೊದಲು ಹೇಳಿದ ವಿಲ್ಲುಮ್ಸೆನ್‌ನ ಮಗ.

ಈ ಸರಪಳಿಯಲ್ಲಿ ಒಂದು ಸಂಗತಿ ಗಮನಿಸಿ. ಸುಂಗ್ ಬಟ್ಟಲನ್ನು ಸಾಲ್ಟೊ ಸಂಗ್ರಹಾಲಯದ ಗಾಜಿನ ಹಿಂದೆ ನೋಡಿ ನಕಲು ಮಾಡಿದ್ದಲ್ಲ. ಚೀನಾದ ಪಾಠ ಅವನಿಗೆ ಬಂದದ್ದು ಕೈಯಿಂದ ಕೈಗೆ ದಾಟಿದ ಪಾಕಗಳಾಗಿ: ಇಷ್ಟು ಫೆಲ್ಡ್‌ಸ್ಪಾರ್, ಇಷ್ಟು ಸುಣ್ಣ, ಇಷ್ಟು ಕಬ್ಬಿಣದ ಆಕ್ಸೈಡ್, ಇಂಥ ಹೊತ್ತಿಗೆ ಗಾಳಿ ಕಡಿಮೆ ಮಾಡು. ಅಡುಗೆಯವರ ಮನೆತನದಲ್ಲಿ ಹುಳಿಪುಡಿಯ ಅಳತೆ ದಾಟಿಕೊಂಡು ಬರುವುದಿಲ್ಲವೆ, ಆ ರೀತಿಯದು.

ಪಾಕ ಎಂದಾಗ ಒಬ್ಬ ಹೆಣ್ಣುಮಗಳನ್ನು ನೆನೆಯಲೇಬೇಕು. ನಥಾಲಿ ಕ್ರೆಬ್ಸ್, 1895ರಲ್ಲಿ ಹುಟ್ಟಿದವಳು. ಓದಿದ್ದು ರಸಾಯನ ಎಂಜಿನಿಯರಿಂಗ್. ಬಿಂಗ್ ಅಂಡ್ ಗ್ರೋನ್‌ಡಾಲ್‌ನಲ್ಲಿ ಕೆಲಸ ಮಾಡಿ, 1929ರಲ್ಲಿ ಗುನ್ನಾರ್ ನೈಲುಂಡ್ ಜೊತೆ ಸ್ವಂತ ಕಾರ್ಯಾಗಾರ ತೆರೆದಳು. ಮರುವರ್ಷ ಅದು ಸಾಕ್ಸ್‌ಬೊ ಆಯಿತು, 1968ರವರೆಗೂ ನಡೆಯಿತು. ಡೆನ್ಮಾರ್ಕಿನ ಒಳ್ಳೆಯ ಸ್ಟೋನ್‌ವೇರ್‌ನ ಗ್ಲೇಜುಗಳಿಗೆ ಈ ಮನೆಯೇ ಮಾದರಿ. ಸಾಲ್ಟೊ 1930ರ ದಶಕದ ಆರಂಭದಲ್ಲಿ ಒಂದೆರಡು ವರ್ಷ ಇಲ್ಲಿ ಕೆಲಸ ಮಾಡಿದ. ಕ್ರೆಬ್ಸ್‌ಳ ಗ್ಲೇಜು ಸಾಲ್ಟೊನ ಮಣ್ಣಿನ ಮೇಲೆ ಕುಳಿತ ಆ ಕಾಲದ ಹೂದಾನಿಗಳಲ್ಲಿ ಯಾರ ಪಾಲು ಎಷ್ಟು? ಮಾರುಕಟ್ಟೆಯಲ್ಲಿ ಅವು ಸಾಲ್ಟೊನ ಹೂದಾನಿಗಳು. ನನ್ನನ್ನು ಕೇಳಿದರೆ ಅರ್ಧ ಪಾಲು ಆಕೆಯದು.

ಸರಿ, ಗುಬಟೆಗಳ ವಿಷಯಕ್ಕೆ ಬರೋಣ. ಗ್ಲೇಜು ಎಂದರೆ ಮೂಲತಃ ಗಾಜು. ಕಲ್ಲಿನ ಪುಡಿ, ಬೂದಿ ಅಥವಾ ಸುಣ್ಣ, ಲೋಹದ ಆಕ್ಸೈಡು, ಇವನ್ನು ನೀರಿನಲ್ಲಿ ಕದಡಿ ಪಾತ್ರೆಯ ಮೈಗೆ ಬಳಿಯುತ್ತಾರೆ. ಆಗ ಅದು ಗೋಡೆಗೆ ಬಳಿದ ಸುಣ್ಣದಷ್ಟೇ ನೀರಸ. ಭಟ್ಟಿಯಲ್ಲಿ ಶಾಖ 1200 ದಾಟಿದ ಮೇಲೆ ಅದು ಕರಗಿ ಪಾಕವಾಗುತ್ತದೆ, ನಿಧಾನವಾಗಿ ಕೆಳಗೆ ಜಾರತೊಡಗುತ್ತದೆ. ನುಣುಪಾದ, ನೆಟ್ಟಗೆ ನಿಂತ ಮೈಯ ಮೇಲೆ ಅದಕ್ಕೆ ನಿಲ್ಲಲು ಎಲ್ಲೂ ತಡೆಯಿಲ್ಲ. ಒಂದೋ ಎಲ್ಲ ಕಡೆ ಒಂದೇ ದಪ್ಪದಲ್ಲಿ ಕೂರುತ್ತದೆ, ಇಲ್ಲವೆ ಪೂರ್ತಿ ಜಾರಿ ಬುಡದಲ್ಲಿ ಭಟ್ಟಿಯ ಹಲಗೆಗೆ ಅಂಟಿ ಹೂದಾನಿಯನ್ನೇ ಹಾಳುಮಾಡುತ್ತದೆ. ಮೈಯನ್ನು ಉಬ್ಬುತಗ್ಗು ಮಾಡಿ ನೋಡಿ. ಉಬ್ಬಿನ ತುದಿಯಿಂದ ಪಾಕ ಜಾರಿ ತೆಳ್ಳಗಾಗುತ್ತದೆ, ಅಲ್ಲಿ ಕಬ್ಬಿಣ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ತಗ್ಗಿನಲ್ಲಿ ಪಾಕ ತುಂಬಿ ನಿಲ್ಲುತ್ತದೆ, ಅದೇ ಕಬ್ಬಿಣ ಅಲ್ಲಿ ಗಾಢ ಹಸಿರಾಗುತ್ತದೆ ಅಥವಾ ಕಪ್ಪಾಗುತ್ತದೆ. ಒಂದೇ ಬಟ್ಟಲಿನಿಂದ ಬಳಿದ ಒಂದೇ ಗ್ಲೇಜು ಒಂದಂಗುಲದ ಅಂತರದಲ್ಲಿ ಮೂರು ಬಣ್ಣ ತೋರಿಸುತ್ತದೆ. ಕುಂಚ ಹಿಡಿದು ಯಾರೂ ಬಣ್ಣ ಹಚ್ಚಿಲ್ಲ. ಆಕಾರವೇ ಬಣ್ಣವನ್ನು ಹಂಚಿದೆ.

ಸಾಲ್ಟೊನ ಗುಬಟೆ ಇದ್ದದ್ದು ಇದಕ್ಕಾಗಿ. ಅವನು ಗ್ಲೇಜಿಗೆ ಕಾಲುವೆ ತೋಡಿದ, ಒಡ್ಡು ಕಟ್ಟಿದ. ನೀರಾವರಿ ಎಂಜಿನಿಯರನ ಹಾಗೆ ಇಳಿಜಾರನ್ನು ಲೆಕ್ಕ ಹಾಕಿದ. ಇದು ಹೊಳೆದ ಮೇಲೆ ಅವನ ಮೂರು ಬಗೆಯ ಕೆಲಸ ಸಲೀಸಾಗಿ ಅರ್ಥವಾಗುತ್ತದೆ. ಮೊದಲನೆಯದು ಗೀರುಮೈ: ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ತೋಡಿದ ಕಾಲುವೆಗಳು, ಗ್ಲೇಜು ಅದರೊಳಗೆ ಮಳೆನೀರಿನಂತೆ ಇಳಿಯುತ್ತದೆ. ಎರಡನೆಯದು ಮೊಗ್ಗುಮೈ: ಮೈತುಂಬ ಕ್ರಮವಾಗಿ ಜೋಡಿಸಿದ ಗುಬಟೆಗಳು, ಪ್ರತಿ ಗುಬಟೆಯ ಸುತ್ತಲೂ ಒಂದು ಸಣ್ಣ ಮಡು. ಮೂರನೆಯದು, ಅವನಿಗೆ ಅತಿ ಹೆಚ್ಚು ಹೆಸರು ತಂದದ್ದು, ಮೊಳಕೆಮೈ: ಇಲ್ಲಿ ಗುಬಟೆ ಗುಬಟೆಯಾಗಿ ಉಳಿಯುವುದಿಲ್ಲ. ಸಿಪ್ಪೆ ಒಡೆದು ಚಿಗುರು ಹೊರಗೆ ನುಗ್ಗಿದಂತೆ ಮುಳ್ಳಾಗಿ, ಕೊಂಬಾಗಿ, ಕವಲಾಗಿ ಏಳುತ್ತದೆ. ಹೊರನೋಟದಲ್ಲಿ ನಿಸರ್ಗವನ್ನು ನಕಲು ಮಾಡುವುದಕ್ಕಿಂತ ನಿಸರ್ಗ ಕೆಲಸ ಮಾಡುವ ರೀತಿಯಲ್ಲೇ ಕೆಲಸ ಮಾಡುವುದು ಮುಖ್ಯ ಎಂಬುದು ಸಾಲ್ಟೊನ ನಿಲುವಾಗಿತ್ತು. ಒಳಗಿಂದ ಹೊರಕ್ಕೆ ಒತ್ತುವ ಬಲ ಒಂದು, ಮೇಲಿಂದ ಕೆಳಕ್ಕೆ ಎಳೆಯುವ ಗುರುತ್ವ ಇನ್ನೊಂದು. ಮೊಗ್ಗು ಮೊದಲನೆಯದು, ಗ್ಲೇಜು ಎರಡನೆಯದು. ಎರಡೂ ಒಂದೇ ಮೈಯ ಮೇಲೆ ಎದುರುಬದುರಾಗುತ್ತವೆ.

1930ರ ದಶಕದ ಆರಂಭದಿಂದ ಸಾಯುವವರೆಗೆ ಸಾಲ್ಟೊ ರಾಯಲ್ ಕೋಪನ್‌ಹೇಗನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ. 1775ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಯ ಹೆಸರು ನಿಂತಿರುವುದು ಬಿಳಿಯ ಮೇಲೆ ನೀಲಿ ಚಿತ್ತಾರದ ಊಟದ ತಟ್ಟೆಗಳ ಮೇಲೆ. ಅಂಥ ಅಚ್ಚುಕಟ್ಟು ಮನೆಯೊಂದು ಈ ಮುಳ್ಳುಗಿಡಕ್ಕೆ ಮೂರು ದಶಕ ಜಾಗ ಕೊಟ್ಟದ್ದು ಸಣ್ಣ ಮಾತಲ್ಲ. ಮಣ್ಣು ಹದಮಾಡುವವರು, ತಿಗರಿಯ ಮೇಲೆ ಆಕಾರ ಎತ್ತುವವರು, ಅಚ್ಚು ಹಾಕುವವರು, ಗ್ಲೇಜು ಕಲಸುವ ರಸಾಯನತಜ್ಞರು, ಭಟ್ಟಿ ನೋಡಿಕೊಳ್ಳುವವರು, ಎಲ್ಲರೂ ಅಲ್ಲಿದ್ದರು. ಒಬ್ಬಂಟಿ ಕುಂಬಾರ ತನ್ನ ಹಿತ್ತಲಿನಲ್ಲಿ ಇದನ್ನು ಮಾಡುವಂತಿರಲಿಲ್ಲ.

ಆ ಕಾರ್ಖಾನೆಯ ಸ್ಟೋನ್‌ವೇರ್ ಗ್ಲೇಜುಗಳಿಗೆ ಹೆಸರುಗಳಿವೆ. ಒಂದಕ್ಕೆ ಸುಂಗ್ ಎಂದೇ ಹೆಸರು, ಋಣವನ್ನು ಹೆಸರಿನಲ್ಲೇ ಒಪ್ಪಿಕೊಂಡಂತೆ. ಇನ್ನೊಂದಕ್ಕೆ ಸೋಲ್ಫತಾರಾ. ಅದು ಇಟಲಿಯ ನೇಪಲ್ಸ್ ಬಳಿ ಗಂಧಕದ ಹೊಗೆಯಾಡುವ ಜ್ವಾಲಾಮುಖಿ ಕುಳಿಯ ಹೆಸರು. ಸೋಲ್ಫತಾರಾ ಬಳಿದ ಹೂದಾನಿಯನ್ನು ನೋಡಿದರೆ ಆ ಹೆಸರು ಯಾಕೆಂದು ಯಾರೂ ಹೇಳಿಕೊಡಬೇಕಿಲ್ಲ. ಕುದ್ದು ನಿಂತ ನೆಲದಂತೆ ಮಚ್ಚೆ ಮಚ್ಚೆ. ಕೆಂಪಿಗೆ ಬೇರೆ ಜಾತಿಯ ಗ್ಲೇಜು ಬೇಕು. ಎತ್ತಿನ ನೆತ್ತರು ಎಂದು ಹೆಸರಾದ ಕೆಂಪು, ತಾಮ್ರದಿಂದ ಬರುವಂಥದು. ಭಟ್ಟಿಯಲ್ಲಿ ಗಾಳಿ ಹೆಚ್ಚಿದ್ದರೆ ತಾಮ್ರ ಹಸಿರಾಗುತ್ತದೆ, ಗಾಳಿ ಕಡಿಮೆಯಾಗಿ ಹೊಗೆ ತುಂಬಿದರೆ ಕೆಂಪಾಗುತ್ತದೆ. ಹೊತ್ತು ತಪ್ಪಿದರೆ ಕಂದುಗಟ್ಟಿದ ಯಕೃತ್ತಿನ ಬಣ್ಣ. ಚೀನೀಯರು ಶತಮಾನಗಟ್ಟಲೆ ಇದರ ಹಿಂದೆ ಬಿದ್ದಿದ್ದರು.

ಸಾಲ್ಟೊನ ಹೂದಾನಿಗಳಿಗೆ ಮಾದರಿ ಸಂಖ್ಯೆಗಳಿದ್ದವು, ಒಂದೇ ಮಾದರಿಯನ್ನು ಬೇರೆ ಬೇರೆ ಗ್ಲೇಜಿನಲ್ಲಿ ಬೇಯಿಸುತ್ತಿದ್ದರು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಒಂದೇ ಮೊಗ್ಗುಮೈಯ ಎರಡು ಹೂದಾನಿಗಳನ್ನು, ಒಂದು ಸುಂಗ್, ಇನ್ನೊಂದು ಸೋಲ್ಫತಾರಾ, ಅಕ್ಕಪಕ್ಕ ಇಟ್ಟರೆ ಒಂದರಲ್ಲಿ ಮೊಗ್ಗುಗಳು ಎದ್ದು ಬರುತ್ತವೆ, ಇನ್ನೊಂದರಲ್ಲಿ ಕಲೆಗಳ ನಡುವೆ ಅಡಗಿಕೊಳ್ಳುತ್ತವೆ. ಅಚ್ಚು ಒಂದೇ, ಎರಡು ಬೇರೆ ವಸ್ತುಗಳು.

ಇಷ್ಟು ಹೊತ್ತು ಭಟ್ಟಿಯ ಪಕ್ಷ ವಹಿಸಿದೆ. ಆದರೆ ಸಾಲ್ಟೊ ಬರೀ ಗ್ಲೇಜಿನ ಇಳಿಜಾರು ಲೆಕ್ಕ ಹಾಕುವ ಮನುಷ್ಯನಲ್ಲ. ಅವನ ತಲೆಯನ್ನು ಬಹುಕಾಲ ಹೊಕ್ಕಿದ್ದ ಒಂದು ಕಥೆ ಇದೆ, ಆಕ್ಟಿಯಾನ್‌ನದು. ಓವಿಡ್ ಕವಿ ಹೇಳಿದ ರೂಪಾಂತರದ ಕಥೆಗಳಲ್ಲಿ ಅದೂ ಒಂದು. ಬೇಟೆಗಾರ ಆಕ್ಟಿಯಾನ್ ಕಾಡಿನಲ್ಲಿ ದಾರಿತಪ್ಪಿ, ದೇವತೆ ಡಯಾನಾ ಮೀಯುತ್ತಿದ್ದ ಕೊಳದ ಬಳಿಗೆ ಬಂದುಬಿಡುತ್ತಾನೆ. ಸಿಟ್ಟಾದ ಅವಳು ಅವನ ತಲೆಗೆ ನೀರೆರಚುತ್ತಾಳೆ. ನೀರು ಬಿದ್ದ ಕಡೆಯಿಂದ ಕೊಂಬುಗಳು ಏಳುತ್ತವೆ. ಅವನು ಸಾರಂಗವಾಗುತ್ತಾನೆ, ಮನಸ್ಸು ಮಾತ್ರ ಮನುಷ್ಯನದೇ. ತಾನೇ ಸಾಕಿದ ನಾಯಿಗಳನ್ನು ಹೆಸರಿಟ್ಟು ಕರೆಯಲು ನಾಲಿಗೆ ಹೊರಳದು. ಅವು ಅವನನ್ನು ಹರಿದು ಹಾಕುತ್ತವೆ. ನಮ್ಮಲ್ಲಿ ಬೇಟೆ ಮತ್ತು ಜಿಂಕೆಯ ಕಥೆ ಎಂದರೆ ಪಾಂಡು, ಕಿಂದಮ ಮುನಿ. ಆದರೆ ಕಿಂದಮ ತಾನೇ ಇಷ್ಟಪಟ್ಟು ಜಿಂಕೆಯಾಗಿದ್ದವನು. ಆಕ್ಟಿಯಾನ್‌ಗೆ ಆಯ್ಕೆ ಇರಲಿಲ್ಲ.

ಈ ಕಥೆಯನ್ನು ಸಾಲ್ಟೊ ಮತ್ತೆ ಮತ್ತೆ ಚಿತ್ರಿಸಿದ, ಮಣ್ಣಿನಲ್ಲಿಯೂ ಮಾಡಿದ. ಅವನು ಹಿಡಿದಿಟ್ಟದ್ದು ನಾಯಿಗಳು ಮೇಲೆ ಬಿದ್ದ ಗಳಿಗೆಗಿಂತ ಹೆಚ್ಚಾಗಿ ಕೊಂಬು ಮೂಡುವ ಗಳಿಗೆ. ಚರ್ಮದ ಒಳಗಿಂದ ಏನೋ ಒತ್ತುತ್ತಿದೆ, ಇನ್ನೇನು ಹೊರಬರುತ್ತದೆ, ಬಂದಮೇಲೆ ಇವನು ಹಳೆಯವನಲ್ಲ. ಮೊಳಕೆಮೈ ಹೂದಾನಿಗಳನ್ನು ಈ ಕಥೆಯ ಬೆಳಕಿನಲ್ಲಿ ನೋಡಿದಾಗ ನಿಸರ್ಗದ ಸೊಗಸು ಎಂಬ ಮುದ್ದುಮಾತು ನಿಲ್ಲುವುದಿಲ್ಲ. ಅಲ್ಲಿ ಭಯವಿದೆ. ಬೀಜ ಮೊಳೆಯುವುದೆಂದರೆ ಬೀಜ ಒಡೆಯುವುದು ಎಂಬ ಅರಿವು ಅದರಲ್ಲಿದೆ. ಈ ಕೆಲಸಗಳು ಬಂದದ್ದು ಎರಡು ಮಹಾಯುದ್ಧಗಳನ್ನು ಕಂಡ ಯುರೋಪಿನಲ್ಲಿ, 1940ರಿಂದ 1945ರವರೆಗೆ ಜರ್ಮನ್ ಸೇನೆಯ ವಶದಲ್ಲಿದ್ದ ಡೆನ್ಮಾರ್ಕಿನಲ್ಲಿ ಎಂಬುದನ್ನೂ ಮರೆಯಬಾರದು. ಆದರೆ ಪ್ರತಿ ಮುಳ್ಳನ್ನೂ ಯುದ್ಧಕ್ಕೆ ಗಂಟುಹಾಕುವ ವಿಮರ್ಶೆ ನನಗೆ ಒಗ್ಗದು. ಯುದ್ಧಕ್ಕೆ ಮುಂಚೆಯೇ ಮುಳ್ಳು ಮೂಡಿತ್ತು. 1937ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅವನಿಗೆ ಗ್ರ್ಯಾಂಡ್ ಪ್ರೀ ಬಂದಿತ್ತು. ಎರಡನೆಯ ಗ್ರ್ಯಾಂಡ್ ಪ್ರೀ 1951ರ ಮಿಲಾನ್ ತ್ರಿನಾಲೆಯಲ್ಲಿ ಬಂತು.

ಈಗ ಒಂದು ತಕರಾರು. ಸಾಲ್ಟೊ ಎಂದರೆ ದೊಡ್ಡ ಮೊಳಕೆಮೈ ಹೂದಾನಿಗಳು ಎಂದು ಪ್ರಸಿದ್ಧಿ. ಹರಾಜುಮನೆಗಳಲ್ಲಿ ಬೆಲೆ ಏರುವುದೂ ಅವಕ್ಕೇ. 1956ರ 'ತಿರುಳಿನ ಶಕ್ತಿ' ಅವುಗಳ ಪೈಕಿ ಶಿಖರ ಎನ್ನುತ್ತಾರೆ. ಅದರ ಗಾತ್ರ, ಧೈರ್ಯ, ಭಟ್ಟಿಯ ಸಾಹಸ ಎಲ್ಲಕ್ಕೂ ತಲೆಬಾಗುತ್ತೇನೆ. ಆದರೂ ನನ್ನ ಮನಸ್ಸು ಒಲಿಯುವುದು ಅಂಗೈಯಲ್ಲಿ ಹಿಡಿಯಬಹುದಾದ ಸಣ್ಣ ಮೊಗ್ಗುಮೈ ಬಟ್ಟಲುಗಳಿಗೆ. ಮುಳ್ಳು ಉದ್ದವಾದಂತೆ ಕಣ್ಣು ಮುಳ್ಳಿನ ತುದಿಗೇ ಹೋಗುತ್ತದೆ. ಗ್ಲೇಜು ಬರೀ ಬಟ್ಟೆಯಾಗುತ್ತದೆ, ನಾಟಕದ ವೇಷವಾಗುತ್ತದೆ. ಮೊಗ್ಗುಮೈಯಲ್ಲಿ ಆಕಾರವೂ ಗ್ಲೇಜೂ ಸರಿಸಮನಾಗಿ ನಿಂತು ಮಾತಾಡುತ್ತವೆ. ಒಳಗೆ ಕಾಳಿದೆ ಎಂದು ಗೊತ್ತಾಗುತ್ತದೆ, ಅದು ಒಡೆದಿಲ್ಲ. ನನಗೆ ಅಷ್ಟು ಸಾಕು.

ಮಣ್ಣಿನ ಜೊತೆಜೊತೆಗೆ ಅವನು ಮಾಡಿದ ಇತರ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪುಸ್ತಕ ರಟ್ಟು ಕಟ್ಟುವವರಿಗಾಗಿ ಅಚ್ಚಿನ ಕಾಗದಗಳನ್ನು ರೂಪಿಸಿದ, ಬಟ್ಟೆಯ ಮೇಲೆ ಅಚ್ಚುಹಾಕುವ ವಿನ್ಯಾಸಗಳನ್ನೂ ಮಾಡಿದ. ಮರದ ಅಚ್ಚುಚಿತ್ರ, ಪುಸ್ತಕದ ಚಿತ್ರ, ತನ್ನ ಕೆಲಸದ ಬಗ್ಗೆ ಬರಹ ಎಲ್ಲವೂ ಇತ್ತು. 1950ರ ದಶಕದಲ್ಲಿ ಕೋಪನ್‌ಹೇಗನ್‌ನ ಥೋರ್ವಾಲ್ಸೆನ್ ಸಂಗ್ರಹಾಲಯದ ಹೊರಗೋಡೆಯ ಚಿತ್ರಪಟ್ಟಿಯನ್ನು ಮತ್ತೆ ಕಟ್ಟಿಕೊಡುವ ಹೊಣೆಯೂ ಅವನ ಮೇಲೆ ಬಿತ್ತು. ಬಣ್ಣದ ಸಿಮೆಂಟಿನ ತುಣುಕುಗಳಲ್ಲಿ ಯೋರ್ಗೆನ್ ಸೊನ್ನೆ ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿದ್ದ ಚಿತ್ರಗಳವು, ಹವೆಗೆ ಸಿಕ್ಕಿ ಹಾಳಾಗಿದ್ದವು. ಬೇರೆಯವನ ಗೆರೆಯನ್ನು ಚಾಚೂ ತಪ್ಪದೆ ಹಿಡಿದು ಕೂರುವ ಕೆಲಸ. ಮುಳ್ಳಿನ ಹೂದಾನಿಗಳನ್ನು ಭಟ್ಟಿಗೆ ಬಿಟ್ಟುಕೊಟ್ಟ ಕೈಯೇ ಅದೇ ವರ್ಷಗಳಲ್ಲಿ ಇದನ್ನೂ ಮಾಡಿತು. ಆ ಕಟ್ಟಡದ ವಾಸ್ತುಶಿಲ್ಪಿಯ ಮಗನೇ ಥೋರ್ವಾಲ್ ಬಿಂಡೆಸ್ಬೋಲ್, ಸಾಲ್ಟೊಗಿಂತ ಹಿಂದಿನ ತಲೆಮಾರಿನ ಡೇನಿಷ್ ಮಣ್ಣಿನ ಕಲಾವಿದರಲ್ಲಿ ಎಲ್ಲರಿಗಿಂತ ಒರಟ, ಎಲ್ಲರಿಗಿಂತ ಸ್ವತಂತ್ರ. ಕೋಪನ್‌ಹೇಗನ್ ಸಣ್ಣ ಊರು.

ಕೊನೆಗೆ, ಸಾಲ್ಟೊ ಯಾರ ಮೇಲೆ ಪ್ರಭಾವ ಬೀರಿದ ಎಂಬ ಪ್ರಶ್ನೆ. ಅವನ ಮುಳ್ಳುಗಳನ್ನು ನಕಲು ಮಾಡಿದವರು ಎಲ್ಲ ಕಾಲದಲ್ಲೂ ಇದ್ದಾರೆ, ಈಗಲೂ ಇದ್ದಾರೆ. ಅವರ ಬಗ್ಗೆ ಹೇಳಲು ನನ್ನಲ್ಲಿ ಏನಿಲ್ಲ. ಹೇಳಬೇಕಾದದ್ದು ಗೆರ್ಟ್ರುಡ್ ವಾಸೆಗಾರ್ಡ್ ಬಗ್ಗೆ. ಬಾಲ್ಟಿಕ್ ಸಮುದ್ರದ ಬೋರ್ನ್‌ಹೋಮ್ ದ್ವೀಪದಲ್ಲಿ 1913ರಲ್ಲಿ ಹುಟ್ಟಿದವಳು. ಆಕೆಯ ಮನೆತನ ಹ್ಯೋರ್ತ್ ಕುಟುಂಬ, 1859ರಿಂದ ಆ ದ್ವೀಪದ ರೋನ್ನೆ ಊರಿನಲ್ಲಿ ಮಣ್ಣಿನ ಕಾರ್ಖಾನೆ ನಡೆಸಿಕೊಂಡು ಬಂದವರು. ಮಣ್ಣು ಆಕೆಗೆ ಹುಟ್ಟಿನಿಂದ ಗೊತ್ತು. ಕೋಪನ್‌ಹೇಗನ್‌ನಲ್ಲಿ ಓದು ಮುಗಿಸಿ 1932ರ ಸುಮಾರಿಗೆ ಸಾಲ್ಟೊ ಮತ್ತು ಬೋಡ್ ವಿಲ್ಲುಮ್ಸೆನ್ ಜೊತೆ ಸಾಕ್ಸ್‌ಬೊದಲ್ಲಿ ಕೆಲಸ ಮಾಡಿದಳು. ಮರುವರ್ಷ ಊರಿಗೆ ಮರಳಿ, ಅಕ್ಕನ ಜೊತೆ ಗುಡ್ಯೆಮ್ ಎಂಬಲ್ಲಿ ಸ್ವಂತ ಕಾರ್ಯಾಗಾರ ಹಾಕಿದಳು. ಮುಂದೆ ಬಿಂಗ್ ಅಂಡ್ ಗ್ರೋನ್‌ಡಾಲ್, ಆಮೇಲೆ ರಾಯಲ್ ಕೋಪನ್‌ಹೇಗನ್.

ವಾಸೆಗಾರ್ಡ್‌ಳ ಪಾತ್ರೆಗಳಲ್ಲಿ ಒಂದು ಮುಳ್ಳೂ ಇಲ್ಲ. ಶಾಂತ ಆಕಾರ, ಗೀಚಿದಂಥ ಸಣ್ಣ ಗೆರೆಗಳ ಲೆಕ್ಕಾಚಾರದ ಹೆಣಿಗೆ, ತುಟಿಗೆ ಹಿತವಾಗುವ ಅಂಚು. ಸಾಲ್ಟೊ 'ತಿರುಳಿನ ಶಕ್ತಿ' ಮಾಡಿದ 1956ರಲ್ಲೇ ಆಕೆ ಬಿಂಗ್ ಅಂಡ್ ಗ್ರೋನ್‌ಡಾಲ್‌ಗೆ ಚೀನಾದ ಚಹಾ ಪಾತ್ರೆಗಳ ನೆನಪು ತರುವ ಒಂದು ಚಹಾ ಸೆಟ್ಟು ಮಾಡಿಕೊಟ್ಟಳು. ಐವತ್ತು ವರ್ಷಗಳ ನಂತರ, 2006ರಲ್ಲಿ, ಡೆನ್ಮಾರ್ಕಿನ ಸರ್ಕಾರ ದೇಶದ ಸಾಂಸ್ಕೃತಿಕ ಮೇರುಕೃತಿಗಳ ಪಟ್ಟಿಯೊಂದನ್ನು ತಜ್ಞರಿಂದ ಮಾಡಿಸಿತು. ಅಂಥ ಪಟ್ಟಿಗಳ ಬಗ್ಗೆ ಅಲ್ಲಿ ಜಗಳವಾದದ್ದು ಸಹಜ, ಎಲ್ಲಾದರೂ ಆಗುವಂಥದ್ದು. ಆ ಪಟ್ಟಿಯಲ್ಲಿ ಆ ಹೂದಾನಿಯೂ ಇದೆ, ಆ ಚಹಾ ಸೆಟ್ಟೂ ಇದೆ. ಒಂದಕ್ಕೆ ಹೂವಿಡಲು ಕೈ ಬಾರದು, ಇನ್ನೊಂದರಲ್ಲಿ ದಿನಾ ಚಹಾ ಕುಡಿಯಬಹುದು. ಇವರಿಬ್ಬರ ನಡುವೆ ದಾಟಿದ್ದು ಹಾಗಾದರೆ ಏನು? ಮೈಯ ಉಬ್ಬುತಗ್ಗಿನಲ್ಲಿ ಗ್ಲೇಜು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬ ಲೆಕ್ಕ. ವಾಸೆಗಾರ್ಡ್‌ಳ ಒಂದು ಬಟ್ಟಲಿನಲ್ಲಿ ಗೀಚಿದ ಗೆರೆಯೊಳಗೆ ಗ್ಲೇಜು ದಪ್ಪವಾಗಿ ನಿಂತು ಗೆರೆಯನ್ನು ಕಪ್ಪು ಮಾಡಿರುವುದನ್ನು ನೋಡಿ, ಆಮೇಲೆ ಸಾಲ್ಟೊನ ಗೀರುಮೈಯನ್ನು ನೋಡಿ. ಹೋಲಿಕೆ ಹುಡುಕಬೇಕಾದದ್ದು ಅಲ್ಲಿ.

ಈ ಕೃತಿಗಳನ್ನು ನೋಡುವ ಆಸೆಯಿದ್ದವರಿಗೆ: ರಾಯಲ್ ಕೋಪನ್‌ಹೇಗನ್‌ನ ಹಳೆಯ ಸಂಗ್ರಹ ಈಗ ಫ್ಯೂನೆನ್ ದ್ವೀಪದ ಮಿಡೆಲ್‌ಫಾರ್ಟ್ ಊರಿನ ಕ್ಲೇ ಎಂಬ ಸಂಗ್ರಹಾಲಯದಲ್ಲಿದೆ. ಈಚೆಗೆ ಬ್ರಿಟನ್ನಿನ ಪಿಂಗಾಣಿ ಕಲಾವಿದ, ಲೇಖಕ ಎಡ್ಮಂಡ್ ಡಿ ವಾಲ್ ಸಾಲ್ಟೊನ ಕೃತಿಗಳನ್ನು ತನ್ನ ಕೃತಿಗಳ ಜೊತೆಗಿಟ್ಟು 'ಬೆಂಕಿಯೊಡನೆ ಆಟ' ಎಂಬ ಪ್ರದರ್ಶನ ಕಟ್ಟಿದ. ಅದು ಮಿಡೆಲ್‌ಫಾರ್ಟ್ ಅಲ್ಲದೆ ಇಂಗ್ಲೆಂಡಿನ ವೇಕ್‌ಫೀಲ್ಡ್‌ನ ಹೆಪ್‌ವರ್ತ್ ಸಂಗ್ರಹಾಲಯದಲ್ಲೂ ನಡೆಯಿತು. ಡಿ ವಾಲ್ ಮಾಡುವುದು ತೆಳ್ಳಗಿನ, ಬೆಳ್ಳಗಿನ ಪಿಂಗಾಣಿ. ಸಾಲ್ಟೊನ ಮುಳ್ಳು ಕಂಡರೆ ಅವನ ಪಾತ್ರೆಗಳು ಹೆದರಿ ಓಡಬೇಕು!

ಎಲ್ಲಾದರೂ ಕೈಗೆ ಸಿಕ್ಕರೆ, ಅನುಮತಿ ಕೇಳಿ, ಹೂದಾನಿಯನ್ನು ಮಗುಚಿ ಬುಡವನ್ನು ನೋಡಿ. ಹಸಿ ಮಣ್ಣಿನಲ್ಲಿ ಕೊರೆದ ಸಾಲ್ಟೊ ಎಂಬ ಹೆಸರು, ಒಂದು ಮಾದರಿ ಸಂಖ್ಯೆ, ಜೊತೆಗೆ ರಾಯಲ್ ಕೋಪನ್‌ಹೇಗನ್‌ನ ಗುರುತಾದ ಮೂರು ನೀಲಿ ಅಲೆಗಳು ಇರುತ್ತವೆ. ಡೆನ್ಮಾರ್ಕಿನ ಮೂರು ಜಲಸಂಧಿಗಳು ಆ ಅಲೆಗಳು. ಗ್ಲೇಜು ಕಲಸಿದವರ, ಭಟ್ಟಿ ಕಾಯಿಸಿದವರ ಹೆಸರು ಅಲ್ಲಿರುವುದಿಲ್ಲ. ಹಾಲಿಯರ್, ಕ್ರೆಬ್ಸ್ ಇಬ್ಬರ ಹೆಸರನ್ನು ಇವತ್ತು ಇಷ್ಟು ಸಲ ಎತ್ತಿದ್ದು ಅದಕ್ಕಾಗಿಯೇ. ಇನ್ನು ಪರದೆಯ ಮೇಲೆ ಒಂದಷ್ಟು ಚಿತ್ರಗಳನ್ನು ತೋರಿಸುತ್ತೇನೆ, ಪ್ರಶ್ನೆಗಳಿದ್ದರೆ ನಡುನಡುವೆಯೇ ಕೇಳಿ.